ಸದ್ದಿಲ್ಲದ ಸಮುದ್ರದಲ್ಲಿ ಅಮ್ಮ

ಮಲ್ಪೆಯಲ್ಲಿ ಹುಟ್ಟಿ ಬೆಳೆದವರಿಗೆ ಬೇರೆ ಸಮುದ್ರ ತೋರಿಸಿ ಸೈ ಅನ್ನಿಸಿಕೊಳ್ಳುವುದು ಕಷ್ಟ. ಸಿಂಗಾಪುರದ ಸೆಂಟೋಸಾದಲ್ಲಿ ಬೀಚಿನ ಮುಂದೆಯೇ ಪುಟ್ಟ ನಡುಗಡ್ಡೆಗಳಿವೆ. ಅಲೆಯ ಅಬ್ಬರವೆಲ್ಲ ಅಲ್ಲೇ ಮುಗಿದು, ದಡಕ್ಕೆ ಬರುವುದು ಬರೀ ನೀರು.

"ಇದೆಂತ ಮಾರಾಯ, ಸದ್ದೇ ಇಲ್ಲ!" ಎಂದರು ಅಮ್ಮ. ಮರಳೂ ಹೊರಗಿನಿಂದ ತಂದು ಸುರಿದದ್ದು ಎಂದೆ. ಒಂದು ಹಿಡಿ ಎತ್ತಿ, ರೇಷನ್ ಅಕ್ಕಿ ನೋಡುವ ಹಾಗೆ ನೋಡಿ, ಕೆಳಗೆ ಬಿಟ್ಟರು.

ಅವರು ಬಂದದ್ದಾದರೂ ಎಂಥ ಹೊತ್ತಲ್ಲಿ! 2024ರ ಜೂನ್ 14ರಂದು ಪಾಸಿರ್ ಪಂಜಾಂಗ್‌ ಬಂದರಿನಲ್ಲಿ ಹೂಳೆತ್ತುವ ಹಡಗೊಂದು ನಿಂತಿದ್ದ ಎಣ್ಣೆ ಹಡಗಿಗೆ ಗುದ್ದಿ, ಸುಮಾರು 400 ಟನ್ ಎಣ್ಣೆ ಸಮುದ್ರ ಸೇರಿತ್ತು. ಬೀಚ್ ತೆರೆದಿತ್ತು, ನೀರಿಗೆ ಮಾತ್ರ ಇಳಿಯುವಂತಿರಲಿಲ್ಲ. ಮಗ ಸೊಂಟಕ್ಕೆ ಟ್ಯೂಬ್ ಸಿಕ್ಕಿಸಿಕೊಂಡು ಮರಳಿನ ಮೇಲೆ ಮುಖ ಊದಿಸಿ ನಿಂತ.

"ಮಲ್ಪೆಯಲ್ಲೂ ಈಗ ಇಳಿಲಿಕ್ಕೆ ಬಿಡುದಿಲ್ಲ. ಆದ್ರೆ ಅಲ್ಲಿ ಅಲೆಯಾದ್ರೂ ಉಂಟು" ಎಂದರು ಅಮ್ಮ. ಮಳೆಗಾಲದ ಮಲ್ಪೆಯ ಮುಂದೆ ನನ್ನ ವಾದ ನಿಲ್ಲಲಿಲ್ಲ.

ಮುಂದಿನ ಸಲ ಬಂದಾಗ ಎಣ್ಣೆಯೂ ಇಲ್ಲ, ನೀರಿಗೆ ಇಳಿಯಬೇಡಿ ಅನ್ನುವ ಬೋರ್ಡೂ ಇಲ್ಲ. ನಾನೇ ಸುಮ್ನೆ ಇರಲಾರದೆ ಮೊಬೈಲ್ ತೆಗೆದು ನೀರಿನ ಪರೀಕ್ಷೆಯ ವಿಷಯ ಶುರು ಮಾಡಿದೆ. ನಡುಗಡ್ಡೆಗಳ ಮರೆಯಲ್ಲಿರುವ ಇಂಥ ನೀರು ಬೇಗ ಬದಲಾಗುವುದಿಲ್ಲ. ಜೋರು ಮಳೆ ಬಂದರೆ ಚರಂಡಿಯಿಂದ ಬಂದದ್ದು ಅಲ್ಲೇ ಉಳಿಯುತ್ತದೆ. ಅದಕ್ಕೇ ಎಂಟರೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ಎಣಿಸುತ್ತಾರೆ. 100 ಮಿಲಿ ನೀರಿಗೆ 200ರ ಒಳಗಿರಬೇಕು.

"ಅದು ಎಲ್ಲಿಂದ ಬರ್ತದೆ?"

"ಮನುಷ್ಯರ, ಪ್ರಾಣಿಗಳ ಕರುಳಿಂದ."

"ಅಂದ್ರೆ..."

"ಹ್ಞಾಂ, ಅದೇ."

ಅಮ್ಮ ಮೊಣಕಾಲಿನಷ್ಟು ನೀರಿಗೆ ಇಳಿದಿದ್ದರು. ಸೀರೆ ಇನ್ನೊಂದು ಗೇಣು ಮೇಲೆ ಹೋಯಿತು. "ಇನ್ನೂರರವರೆಗೆ ಪರವಾಗಿಲ್ಲ ಅಂತ ಯಾರು ಹೇಳಿದ್ದು? ಅವರು ಇಳಿತಾರಂತಾ?"

ಅಷ್ಟರಲ್ಲಿ ಮಗ ಕೆಮ್ಮುತ್ತಾ ಓಡಿ ಬಂದ. ಗಟಗಟ ನೀರು ಕುಡಿದಿದ್ದನಂತೆ. ಒಂದು ಗುಟುಕಿಗೆ ಎಷ್ಟು ಮಿಲಿ, ಎಷ್ಟು ಎಂಟರೋಕಾಕಸ್ ಅಂತ ನಾನು ಲೆಕ್ಕ ಹಾಕುತ್ತಿದ್ದೆ. ಅಮ್ಮ ಅವನ ಬೆನ್ನು ತಟ್ಟಿ, "ನಿನ್ನ ಅಪ್ಪ ಸಣ್ಣವನಿರುವಾಗ ಮಲ್ಪೆಯ ಅರ್ಧ ಸಮುದ್ರ ಕುಡಿದಿದ್ದಾನೆ. ಆಗ ಎಣಿಸ್ಲಿಕ್ಕೆ ಯಾರೂ ಇರ್ಲಿಲ್ಲ, ಅಷ್ಟೇ" ಎಂದರು.