ಮೊದಲು ಪರದೆ, ಆಮೇಲೆ ಪೆಟ್ಟಿಗೆ

ಒಂದೇ ವಾರದಲ್ಲಿ ಎರಡು ಪಟ್ಟಿಗಳು ನನ್ನ ಕೈಗೆ ಬಂದವು. ಒಂದು, ಅಕ್ಕನ ಮಗ ಫೋನಿಗೆ ಕಳುಹಿಸಿದ್ದು. ಆಟಕ್ಕೆಂದೇ ಹೊಸ ಕಂಪ್ಯೂಟರ್ ಕಟ್ಟುವ ಆಸೆ ಅವನಿಗೆ. ಪಟ್ಟಿಯ ಮೊದಲ ಸಾಲಿನಲ್ಲಿ ಎಂಟು ಕೋರಿನ (ಒಟ್ಟಿಗೆ ದುಡಿಯುವ ಎಂಟು ಘಟಕಗಳಿರುವ) ಪ್ರೊಸೆಸರಿನ, ಅಂದರೆ ಕಂಪ್ಯೂಟರಿನ ಮುಖ್ಯ ಲೆಕ್ಕದ ಚಿಪ್ಪಿನ ಹೆಸರು, ಕೊನೆಯ ಸಾಲಿನಲ್ಲಿ "ಮಾನಿಟರ್ ಹಳೆಯದೇ ಇದೆ ಮಾವ, ಅದೇ ಸಾಕು." ಇನ್ನೊಂದು, ನನ್ನ ಜೊತೆ ಕೆಲಸ ಮಾಡುವ ಹುಡುಗಿಯದು. ಅವಳ ಪಟ್ಟಿ ಶುರುವಾಗಿದ್ದು ಹೀಗೆ: 27 ಇಂಚು, 1440ಪಿ, 144 ಹರ್ಟ್ಸ್. ಅಂದರೆ ಪರದೆಯ ಅಳತೆ, ಅದರಲ್ಲಿರುವ ಚುಕ್ಕೆಗಳ ಸಾಲು, ಸೆಕೆಂಡಿಗೆ ಅದು ತೋರಿಸಬಲ್ಲ ಚಿತ್ರಗಳ ಸಂಖ್ಯೆ. ಅದರ ಕೆಳಗೆ ತಾನು ಆಡುವ ಮೂರು ಆಟಗಳ ಹೆಸರು. ಪ್ರೊಸೆಸರಿನ ಜಾಗದಲ್ಲಿ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ.

ಕರ್ನಾಟಕ ಬಿಟ್ಟು ಹೊರಗೆ ನೆಲೆಸಿ ನನಗೆ ಹಲವು ವರ್ಷಗಳಾದವು. ಊರಿನ ಕಡೆಯ ಗೆಳೆಯರು, ನೆಂಟರ ಮಕ್ಕಳು ಕಳುಹಿಸುವ ಪಟ್ಟಿಗಳು ಹೆಚ್ಚಾಗಿ ಮೊದಲನೆಯ ರೀತಿಯವು. ಇಲ್ಲಿ ನನ್ನ ಸುತ್ತ ಇರುವವರದು ಹೆಚ್ಚಾಗಿ ಎರಡನೆಯ ರೀತಿ. ನಾನೂ ಮೊದಲ ದಾರಿಯಲ್ಲೇ ಎರಡು ಕಂಪ್ಯೂಟರ್ ಕಟ್ಟಿದವನು, ಎರಡನೆಯ ದಾರಿಗೆ ತಡವಾಗಿ ಬಂದವನು. ಈಗ ನನಗೆ ಅನುಮಾನವಿಲ್ಲ. ಪರದೆಯಿಂದ ಹೊರಟು ಒಂದೊಂದೇ ಭಾಗ ಹಿಂದಕ್ಕೆ ಬರುವುದೇ ಸರಿ. ಕೈಯಲ್ಲಿರುವ ಹಣ ಕಡಿಮೆಯಿದ್ದಷ್ಟೂ ಅದು ಇನ್ನಷ್ಟು ಸರಿ.

ಪ್ರೊಸೆಸರಿನಿಂದ ಶುರುಮಾಡುವವರನ್ನು ತಪ್ಪು ಎನ್ನಲು ಮನಸ್ಸು ಬರುವುದಿಲ್ಲ. ಒಂದು ಕಾಲದಲ್ಲಿ ಕಂಪ್ಯೂಟರಿಗೆ ಇದ್ದ ಹೆಸರೇ ಅದು. 486, ಪೆಂಟಿಯಂ, ಪೆಂಟಿಯಂ 3 ಎಂದೇ ಯಂತ್ರವನ್ನು ಕರೆಯುತ್ತಿದ್ದೆವು. 486ರ ದಿನಗಳ ಬಹುಪಾಲು ಆಟಗಳಲ್ಲಿ ಚಿತ್ರ ಬಿಡಿಸುವ ಕೆಲಸವೂ ಪ್ರೊಸೆಸರಿನದೇ ಆಗಿತ್ತು. 1990ರ ದಶಕದ ಉತ್ತರಾರ್ಧದಲ್ಲಿ ಆ ಕೆಲಸ ಗ್ರಾಫಿಕ್ಸ್ ಕಾರ್ಡ್ ಎಂಬ ಬೇರೆ ಕಾರ್ಡಿಗೆ ಸರಿಯತೊಡಗಿತು. 1999ರಲ್ಲಿ ಎನ್‌ವಿಡಿಯಾ ಕಂಪನಿ ತನ್ನ ಜೀಫೋರ್ಸ್ 256 ಕಾರ್ಡನ್ನು 'ಜಿಪಿಯು' (ಚಿತ್ರ ಬಿಡಿಸುವ ಪ್ರೊಸೆಸರ್) ಎಂಬ ಹೆಸರು ಕೊಟ್ಟೇ ಮಾರಿತು. ಭಾರ ಹೆಗಲು ಬದಲಿಸಿ ಕಾಲು ಶತಮಾನ ಕಳೆದಿದೆ, ದೊಡ್ಡಸ್ತಿಕೆ ಮಾತ್ರ ಪ್ರೊಸೆಸರಿನ ಬಳಿಯೇ ಉಳಿದಿದೆ.

ಪರದೆ ಯಾಕೆ ಮೊದಲು ಎನ್ನುವುದಕ್ಕೆ ಸ್ವಲ್ಪ ಲೆಕ್ಕ ಸಾಕು. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿವೆ. 1440ಪಿ ಆದರೆ 36.9 ಲಕ್ಷ, 4ಕೆ ಆದರೆ 82.9 ಲಕ್ಷ, ಅಂದರೆ ಮೊದಲನೆಯದರ ನಾಲ್ಕು ಪಟ್ಟು. ಗ್ರಾಫಿಕ್ಸ್ ಕಾರ್ಡ್ ಈ ಚುಕ್ಕೆಗಳಿಗೆಲ್ಲ ಪ್ರತಿ ಸಲವೂ ಬಣ್ಣ ಲೆಕ್ಕ ಹಾಕಬೇಕು. 60 ಹರ್ಟ್ಸ್ ಪರದೆಗೆ ಒಂದು ಚಿತ್ರ ಮುಗಿಸಲು ಅದಕ್ಕೆ 16.7 ಮಿಲಿಸೆಕೆಂಡ್ ಸಿಗುತ್ತದೆ, 144 ಹರ್ಟ್ಸ್ ಆದರೆ 6.9 ಮಾತ್ರ. ಪ್ರೊಸೆಸರಿನ ಕಥೆ ಬೇರೆ. ಶತ್ರು ಎಲ್ಲಿ ನಿಂತಿದ್ದಾನೆ, ಚೆಂಡು ಎತ್ತ ಉರುಳಿತು ಎಂಬ ಲೆಕ್ಕ ಅದರದು, ಚುಕ್ಕೆಗಳು ಎಷ್ಟೇ ಹೆಚ್ಚಾದರೂ ಆ ಲೆಕ್ಕ ಹೆಚ್ಚಾಗುವುದಿಲ್ಲ. ಹಾಗಾಗಿ ಪರದೆ ಹಿಗ್ಗಿದರೆ ಕಾರ್ಡು ದಣಿಯುತ್ತದೆ, ಸೆಕೆಂಡಿಗೆ ಬೇಕಾದ ಚಿತ್ರಗಳ ಸಂಖ್ಯೆ ಏರಿದರೆ ಎರಡೂ ದಣಿಯುತ್ತವೆ. ಅಕ್ಕನ ಮಗನ ಹಳೆಯ ಮಾನಿಟರ್ 60 ಹರ್ಟ್ಸಿನದು. ಅವನ ಪಟ್ಟಿಯ ಯಂತ್ರ ಸೆಕೆಂಡಿಗೆ 150 ಚಿತ್ರ ತಯಾರಿಸಿದರೂ ಅವನ ಕಣ್ಣಿಗೆ ತಲುಪುವುದು 60. ಉಳಿದ ದುಡಿಮೆ ಬಹುಮಟ್ಟಿಗೆ ಬಿಸಿಗಾಳಿಯಾಗಿ ಪೆಟ್ಟಿಗೆಯಿಂದ ಹೊರಗೆ ಹೋಗುತ್ತದೆ.

ತೀರಾ ಕಡಿಮೆ ಹಣದಲ್ಲಿ ಶುರುಮಾಡುವವರ ಬಗ್ಗೆ ನನಗೆ ಹೆಚ್ಚು ಕಾಳಜಿ. ಏಕೆಂದರೆ ತಪ್ಪಿದರೆ ತಿದ್ದಿಕೊಳ್ಳಲು ಅವರ ಬಳಿ ಎರಡನೆಯ ಸಲ ಹಣ ಇರುವುದಿಲ್ಲ. ಅವರಿಗೆ ಇರುವ ಒಂದು ಒಳ್ಳೆಯ ದಾರಿ, ಗ್ರಾಫಿಕ್ಸ್ ಕಾರ್ಡನ್ನು ಸದ್ಯಕ್ಕೆ ಬಿಟ್ಟು, ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್ ತೆಗೆದುಕೊಳ್ಳುವುದು. ಎಎಂಡಿ ಕಂಪನಿಯ ರೈಜೆನ್ 5 5600ಜಿ, 8600ಜಿ ಅಂಥವು. ಹಗುರವಾದ ಆಟಗಳಿಗೆ ಅಷ್ಟು ಸಾಕು. ಆದರೆ ಒಂದು ಷರತ್ತು ಇದೆ: ಕಂಪ್ಯೂಟರ್ ಓಡುವಾಗ ಬಳಸುವ ಮೆಮೊರಿ, ಅಂದರೆ ರ್‍ಯಾಮ್ ಎರಡು ಕಡ್ಡಿಗಳಲ್ಲಿ ಇರಲೇಬೇಕು. ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಅದು ರ್‍ಯಾಮನ್ನೇ ನೆಚ್ಚಿಕೊಂಡಿರುತ್ತದೆ. 16 ಜಿಬಿಯ ಒಂದು ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿಗಳು ಮೆಮೊರಿಗೆ ಎರಡು ಪಟ್ಟು ಅಗಲದ ದಾರಿ ಕೊಡುತ್ತವೆ. ಆಟದಲ್ಲಿ ಈ ವ್ಯತ್ಯಾಸ ಬರಿಗಣ್ಣಿಗೆ ಕಾಣುತ್ತದೆ.

ಇನ್ನೂ ಸ್ವಲ್ಪ ಹಣವಿದ್ದರೆ, ನಾಲ್ಕು ಅಥವಾ ಆರು ಕೋರಿನ ಸಾಧಾರಣ ಪ್ರೊಸೆಸರ್ ಮತ್ತು 8 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್. 1080ಪಿ ಪರದೆಗೆ ಈ ಜೋಡಿ ಚೆನ್ನಾಗಿ ಒಗ್ಗುತ್ತದೆ. ಇಂಟೆಲ್ ಹೆಸರಿನ ಕೊನೆಯಲ್ಲಿ 'ಎಫ್' ಅಕ್ಷರವಿದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದು ಅರ್ಥ. ಕಾರ್ಡು ಹೇಗೂ ಹಾಕುವವರಿಗೆ ಅದರಿಂದ ಉಳಿತಾಯವೇ, ಕಾರ್ಡು ಆಮೇಲೆ ನೋಡೋಣ ಎನ್ನುವವರಿಗೆ ಕಪ್ಪು ಪರದೆ ಕಾದಿರುತ್ತದೆ. ಕಾರ್ಡಿನಲ್ಲೂ ಹೀಗೇ ಕಣ್ಣಿಗೆ ಕಾಣದ ಕೊರತೆಗಳಿರುತ್ತವೆ. 2022ರಲ್ಲಿ ಬಂದ ಎಎಂಡಿಯ ಕಾರ್ಡ್ ಆರ್‌ಎಕ್ಸ್ 6500 ಎಕ್ಸ್‌ಟಿ ಮದರ್‌ಬೋರ್ಡಿನೊಂದಿಗೆ ಮಾತಾಡುವುದು ನಾಲ್ಕೇ ಪಿಸಿಐಇ ದಾರಿಗಳಲ್ಲಿ (ಎಲ್ಲ ಭಾಗಗಳು ಕೂರುವ ಆ ಮುಖ್ಯ ಬೋರ್ಡಿಗೂ ಕಾರ್ಡಿಗೂ ನಡುವಿನ ಸಂಪರ್ಕವೇ ಪಿಸಿಐಇ). ಹಳೆಯ ಪಿಸಿಐಇ 3.0 ಬೋರ್ಡಿಗೆ ಅದನ್ನು ಹಾಕಿದರೆ ಆ ನಾಲ್ಕೂ ಅರ್ಧ ವೇಗಕ್ಕೆ ಇಳಿಯುತ್ತವೆ. ಅಗ್ಗದ ಕಾರ್ಡನ್ನು ಹಳೆಯ ಬೋರ್ಡಿಗೆ ಹಾಕಿಕೊಳ್ಳುವವರೇ ಹೆಚ್ಚು, ಪೆಟ್ಟು ಬೀಳುವುದೂ ಅವರಿಗೇ.

ಸೆಕೆಂಡ್ ಹ್ಯಾಂಡ್ ಕಾರ್ಡಿಗೆ ನನ್ನ ವಿರೋಧವಿಲ್ಲ. ಓಡಿಸಿ ತೋರಿಸಿದರೆ, ಅರ್ಧ ಗಂಟೆ ಭಾರದ ಆಟ ಆಡಿಸಿ, ಫ್ಯಾನಿನ ಸದ್ದು ಕೇಳಿ, ಬಿಸಿ ಎಷ್ಟಕ್ಕೆ ಏರಿತು ಎಂದು ನೋಡಿ ತೆಗೆದುಕೊಳ್ಳಬಹುದು. ಸೆಕೆಂಡ್ ಹ್ಯಾಂಡ್ ಪವರ್ ಸಪ್ಲೈ (ಎಲ್ಲ ಭಾಗಗಳಿಗೂ ವಿದ್ಯುತ್ ಹಂಚುವ ಡಬ್ಬಿ) ಮಾತ್ರ ಬೇಡವೇ ಬೇಡ.

ಇಲ್ಲಿ ನನ್ನ ಅನುಭವ ಹೇಳಲೇಬೇಕು. ನನ್ನ ಎರಡನೆಯ ಕಂಪ್ಯೂಟರಿನಲ್ಲಿ ಎಲ್ಲದಕ್ಕೂ ಹಣ ಸುರಿದು, ಕೊನೆಗೆ ಉಳಿದ ಚಿಲ್ಲರೆಯಲ್ಲಿ ಪವರ್ ಸಪ್ಲೈ ಕೊಂಡೆ. ಡಬ್ಬಿಯ ಮೇಲೆ ದೊಡ್ಡ ಅಕ್ಷರಗಳಲ್ಲಿ 600 ವ್ಯಾಟ್ ಎಂದು ಬರೆದಿತ್ತು. ಕೈಯಲ್ಲಿ ಹಿಡಿದರೆ ತೀರಾ ಹಗುರ. ಒಂಬತ್ತು ತಿಂಗಳ ನಂತರ ಒಂದು ರಾತ್ರಿ ಆಟದ ನಡುವೆ ಟಪ್ ಎಂಬ ಸದ್ದು, ಮೂಗಿಗೆ ಅಡರುವ ಸುಟ್ಟ ವಾಸನೆ. ಮರುದಿನ ಬಿಚ್ಚಿ ನೋಡಿದರೆ ಹೋಗಿದ್ದು ಅದೊಂದೇ ಅಲ್ಲ, ಮದರ್‌ಬೋರ್ಡೂ ಅದರ ಜೊತೆ ಹೋಗಿತ್ತು. ಬದಿಯ ಚೀಟಿಯನ್ನು ಅಂದು ಮೊದಲ ಸಲ ಸರಿಯಾಗಿ ಓದಿದೆ. ಪ್ರೊಸೆಸರಿಗೂ ಕಾರ್ಡಿಗೂ ಬೇಕಾದ 12 ವೋಲ್ಟಿನ ಸಾಲಿನಲ್ಲಿ ಅದು ಕೊಡಬಲ್ಲದ್ದು 600ರ ಹತ್ತಿರಕ್ಕೂ ಬರುತ್ತಿರಲಿಲ್ಲ. ಇವತ್ತು ಯಾರು ಪಟ್ಟಿ ಕಳುಹಿಸಿದರೂ ನನ್ನ ಕಣ್ಣು ಮೊದಲು ಹೋಗುವುದು ಪವರ್ ಸಪ್ಲೈಯ ಸಾಲಿಗೆ. '80 ಪ್ಲಸ್' ಮುದ್ರೆ ಇದ್ದರಾಯಿತು ಎಂದು ಹಲವರು ನಂಬುತ್ತಾರೆ. ಆ ಮುದ್ರೆ ಹೇಳುವುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದನ್ನು, ಒಳಗಿನ ರಕ್ಷಣೆ ಹೇಗಿದೆ ಎಂಬುದನ್ನಲ್ಲ. ಒಳ್ಳೆಯದಕ್ಕೆ ತಯಾರಕರೇ ಏಳು, ಹತ್ತು ವರ್ಷ ವಾರಂಟಿ ಕೊಡುತ್ತಾರೆ. ಈ ಕಂಪ್ಯೂಟರಿನ ನಂತರ ಮುಂದಿನದಕ್ಕೂ ಅದು ಬರುತ್ತದೆ.

ಮಧ್ಯಮ ಬಜೆಟ್ಟಿನವರಿಗೆ ಈಗ ಆಯ್ಕೆ ವಿಶಾಲವಾಗಿದೆ, ಗೊಂದಲವೂ ಅಷ್ಟೇ. ಪರದೆ 1440ಪಿ ಎಂದು ನಿಶ್ಚಯವಾದರೆ ಪೆಟ್ಟಿಗೆಗೆ ಇಟ್ಟ ಹಣದಲ್ಲಿ ನೂರಕ್ಕೆ ಹತ್ತಿರ ಹತ್ತಿರ ನಲವತ್ತು ಭಾಗ ಗ್ರಾಫಿಕ್ಸ್ ಕಾರ್ಡಿಗೆ ಹೋಗಲಿ ಎನ್ನುತ್ತೇನೆ. ಕೊಳ್ಳುವಾಗ ಹೆಸರಿನ ಜೊತೆಗೆ ಮೆಮೊರಿಯನ್ನೂ ಓದಬೇಕು. 2023ರ ಆರ್‌ಟಿಎಕ್ಸ್ 4060 ಟಿಐ 8 ಜಿಬಿಯಲ್ಲೂ ಬಂತು, 16 ಜಿಬಿಯಲ್ಲೂ ಬಂತು. ನಂತರದ 5060 ಟಿಐ, ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಕೂಡ ಹಾಗೆಯೇ. ಹೆಸರು ಒಂದೇ, ಬಾಳುವ ಕಾಲ ಬೇರೆ. ಕಾರ್ಡಿನ ಮೆಮೊರಿ ತುಂಬಿದಾಗ ಅದು ಹೆಚ್ಚುವರಿ ಸಾಮಾನನ್ನು ರ್‍ಯಾಮಿಗೆ ಸಾಗಿಸತೊಡಗುತ್ತದೆ. ಸೆಕೆಂಡಿಗೆ ಇಷ್ಟು ಚಿತ್ರ ಎಂಬ ಸರಾಸರಿ ಅಂಕಿ ಚೆನ್ನಾಗಿಯೇ ಕಾಣುತ್ತಿದ್ದರೂ ಆಟ ಆಗಾಗ ಎಡವುತ್ತದೆ, ಆಟದೊಳಗಿನ ಗೋಡೆಯ ಚಿತ್ರಗಳು ಮಸುಕಾಗಿ ನಿಂತುಬಿಡುತ್ತವೆ. 8 ಜಿಬಿಯನ್ನು 1080ಪಿ ಪರದೆಗೆ ಒಪ್ಪುತ್ತೇನೆ, 1440ಪಿಗೆ ಹೊಸದಾಗಿ ಕೊಳ್ಳುವವರಿಗೆ ಹೇಳುವುದಿಲ್ಲ.

ಈ ಮಟ್ಟದಲ್ಲಿ ಪ್ರೊಸೆಸರ್ ಆರು ಕೋರಿನದಿದ್ದರೆ ನಡೆಯುತ್ತದೆ. ನನ್ನ ಸಹೋದ್ಯೋಗಿಯ ಪ್ರಶ್ನಾರ್ಥಕ ಚಿಹ್ನೆಯ ಜಾಗದಲ್ಲಿ ನಾನು ಬರೆದದ್ದು ರೈಜೆನ್ 5 7600. ಅವಳು ಕೊಂಡ ರ್‍ಯಾಮ್ ಡಿಡಿಆರ್5, ವೇಗ 6000. ಮೊನ್ನೆ ಸುಮ್ಮನೆ ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದು ತೋರಿಸು ಎಂದೆ. ಅಲ್ಲಿ 4800 ಎಂದಿತ್ತು. ಯಂತ್ರ ಏಳುವಾಗಲೇ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್, ಅಂದರೆ ಬಯಾಸ್‌ನಲ್ಲಿ ಎಕ್ಸ್‌ಪೋ ಎಂಬ, ಮೆಮೊರಿಯನ್ನು ಅದರ ಪೂರ್ಣ ವೇಗಕ್ಕೆ ತರುವ ಒಂದು ಆಯ್ಕೆಯನ್ನು ಆನ್ ಮಾಡಿರಲಿಲ್ಲ. ಇಂಟೆಲ್ ಬೋರ್ಡುಗಳಲ್ಲಿ ಅದಕ್ಕೆ ಎಕ್ಸ್‌ಎಂಪಿ ಎನ್ನುತ್ತಾರೆ. ಎಂಟು ತಿಂಗಳು ಆ ರ್‍ಯಾಮ್ ತನ್ನ ವೇಗದಲ್ಲಿ ಓಡಿರಲೇ ಇಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಮೆಮೊರಿಯ ಬೆಲೆ ಎಷ್ಟು ಏರಿತು ಎಂಬುದನ್ನು ಕಂಡವರಿಗೆ, ಕೊಟ್ಟ ಹಣದ ವೇಗ ಹೀಗೆ ಮಲಗಿರುವುದು ಇನ್ನೂ ಬೇಸರದ ವಿಷಯ.

ಎಸ್‌ಎಸ್‌ಡಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಆಟಗಳನ್ನು ಇಟ್ಟುಕೊಳ್ಳುವ, ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಿನಿಂದ ಚಿಪ್ಪುಗಳಲ್ಲೇ ಇಟ್ಟುಕೊಳ್ಳುವ ಯಾವುದೇ ಎಸ್‌ಎಸ್‌ಡಿಗೆ ಬಂದರೂ ಅದು ದೊಡ್ಡ ಜಿಗಿತ. ಅಲ್ಲಿಂದ ಮುಂದೆ ಸೆಕೆಂಡಿಗೆ 3500 ಎಂಬಿಯೋ 14000 ಎಂಬಿಯೋ ಎಂಬ ವ್ಯತ್ಯಾಸ ಆಟ ಆಡುವವರಿಗೆ ಅಷ್ಟಾಗಿ ತಿಳಿಯುವುದಿಲ್ಲ. ವೇಗದ ಬದಲು ಜಾಗ ಹೆಚ್ಚಿರುವುದನ್ನು ಕೊಳ್ಳಿ.

ಎರಡು ರೀತಿಗಳ ನಡುವೆ ಇನ್ನೊಂದು ಅಂತರವನ್ನೂ ನಾನು ಕಂಡಿದ್ದೇನೆ. ಊರಿನಿಂದ ಬರುವ ಪಟ್ಟಿಗಳ ಹಿಂದೆ "ಒಂದೇ ಸಲ ಒಳ್ಳೆಯದು ಹಾಕಿಬಿಡೋಣ, ಹತ್ತು ವರ್ಷ ಮುಟ್ಟುವುದು ಬೇಡ" ಎಂಬ ಮಾತಿರುತ್ತದೆ. ಇಲ್ಲಿ ನಾನು ಕಲಿತದ್ದು ಮೆಟ್ಟಿಲು ಮೆಟ್ಟಿಲಾಗಿ ಏರುವುದನ್ನು. ಆ ಮಾತಿನ ಹಿಂದಿರುವ ಎಚ್ಚರವನ್ನು ನಾನು ಗೌರವಿಸುತ್ತೇನೆ. ಆದರೆ ಆಟದ ಯಂತ್ರ ಒಂದೇ ವಸ್ತುವಲ್ಲ, ಬೇರೆ ಬೇರೆ ಆಯುಷ್ಯದ ಏಳೆಂಟು ವಸ್ತುಗಳ ಕೂಟ. ಪವರ್ ಸಪ್ಲೈ, ಕ್ಯಾಬಿನೆಟ್, ಮಾನಿಟರ್ ಬಹುಕಾಲ ಬಾಳುತ್ತವೆ. ಗ್ರಾಫಿಕ್ಸ್ ಕಾರ್ಡ್ ಬೇಗ ಹಳತಾಗುತ್ತದೆ. ಬಾಳುವುದಕ್ಕೆ ಇವತ್ತು ಹಣ ಹಾಕಿ, ಹಳತಾಗುವುದನ್ನು ಇವತ್ತಿಗೆ ಬೇಕಾದಷ್ಟೇ ಕೊಂಡರೆ ಮೂರು ವರ್ಷಕ್ಕೆ ಒಂದು ಕಾರ್ಡು ಬದಲಿಸಿದರೆ ಸಾಕು. ಮದರ್‌ಬೋರ್ಡ್ ಆರಿಸುವಾಗಲೂ ಇದೇ ಯೋಚನೆ ಬೇಕು. ಎಎಂಡಿಯ ಎಎಂ4 ಸಾಕೆಟ್ಟಿನ (ಪ್ರೊಸೆಸರ್ ಕೂರುವ ಗೂಡಿನ) 2017ರ ಬೋರ್ಡುಗಳಲ್ಲಿ ಅನೇಕವು ಬಯಾಸ್ ಅಪ್‌ಡೇಟ್ ಮಾಡಿದರೆ 2022ರ ರೈಜೆನ್ 7 5800ಎಕ್ಸ್3ಡಿಯನ್ನೂ ಒಪ್ಪುತ್ತವೆ. ನನ್ನ ಮೂರನೆಯ ಯಂತ್ರ ಹಾಗೆಯೇ ಉಳಿದುಕೊಂಡಿತು. ಬೋರ್ಡ್, ರ್‍ಯಾಮ್, ಪೆಟ್ಟಿಗೆ ಎಲ್ಲ ಇದ್ದಲ್ಲೇ ಇದ್ದವು, ಅಂಗೈಯಲ್ಲಿ ಅಡಗುವ ಒಂದು ಚಿಪ್ ಬದಲಾಗಿ ಯಂತ್ರಕ್ಕೆ ಹೊಸ ಹುರುಪು ಬಂತು. ಈಗ ಅದರ ನಂತರದ ಎಎಂ5 ಸಾಕೆಟ್ಟಿನ ಬೋರ್ಡ್ ಕೊಳ್ಳುವವರಿಗೂ ನಾನು ಹೇಳುವುದು ಅದನ್ನೇ.

ಹಣಕ್ಕೆ ಚಿಂತೆ ಇಲ್ಲದವರಿಗೆ ನನ್ನ ಸಲಹೆ ಹೆಚ್ಚು ಬೇಕಾಗಿಲ್ಲ, ಒಂದೆರಡು ಮಾತು ಹೇಳುತ್ತೇನೆ. 4ಕೆ ಪರದೆಯಲ್ಲಿ ಭಾರವೆಲ್ಲ ಕಾರ್ಡಿನದು, ಅತಿ ದುಬಾರಿ ಪ್ರೊಸೆಸರಿಗೂ ಅದರ ಕೆಳಗಿನದಕ್ಕೂ ಅಲ್ಲಿ ಅಂತರ ಸಣ್ಣದು. 9800ಎಕ್ಸ್3ಡಿಯಂಥ ದೊಡ್ಡ ಕ್ಯಾಶ್ (ಚಿಪ್ಪಿನೊಳಗಿನ ಅತಿ ವೇಗದ ಮೆಮೊರಿ) ಇರುವ ಪ್ರೊಸೆಸರ್ ತನ್ನ ಬಲ ತೋರಿಸುವುದು 240 ಹರ್ಟ್ಸಿನ ಪರದೆಯಲ್ಲಿ ಶೂಟಿಂಗ್ ಆಟ ಆಡುವವರಿಗೆ. ಸಣ್ಣ ಚಿತ್ರವನ್ನು ಹಿಗ್ಗಿಸಿ ತೋರಿಸುವ ಎನ್‌ವಿಡಿಯಾದ ತಂತ್ರ ಡಿಎಲ್‌ಎಸ್‌ಎಸ್‌ನ 'ಕ್ವಾಲಿಟಿ' ಆಯ್ಕೆಯಲ್ಲಿ 4ಕೆ ಆಟವೂ ಒಳಗೆ 1440ಪಿಯಲ್ಲೇ ಚಿತ್ರ ಬಿಡಿಸಿ ಹಿಗ್ಗಿಸಿಕೊಳ್ಳುತ್ತದೆ. ಆದ್ದರಿಂದ ತುತ್ತತುದಿಯ ಕಾರ್ಡೇ ಬೇಕೆಂಬ ಹಟ ಬೇಡ. ಆರ್‌ಟಿಎಕ್ಸ್ 5090 ಒಂದೇ 575 ವ್ಯಾಟ್ ಎಳೆಯುತ್ತದೆ. ಅಂಥದ್ದನ್ನು ಕೊಂಡು ಪವರ್ ಸಪ್ಲೈಗೆ ಕೈ ಬಿಗಿಹಿಡಿಯುವವರೂ ಇದ್ದಾರೆ, ಆನೆ ಕೊಟ್ಟು ಅಂಕುಶಕ್ಕೆ ಜಗಳವಾಡಿದಂತೆ.

ಅಕ್ಕನ ಮಗನ ಪಟ್ಟಿ ಕೊನೆಗೆ ಬದಲಾಯಿತು. ಎಂಟು ಕೋರು ಆರಕ್ಕೆ ಇಳಿಯಿತು. ಅವನಿಗೂ ಅದೇ 7600, 8 ಜಿಬಿಯ ಒಂದು ಕಾರ್ಡ್, 650 ವ್ಯಾಟಿನ ಒಳ್ಳೆಯ ಪವರ್ ಸಪ್ಲೈ. ಉಳಿದ ಹಣಕ್ಕೆ 24 ಇಂಚಿನ 144 ಹರ್ಟ್ಸ್ ಮಾನಿಟರ್ ಬಂತು. ಜೋಡಿಸುವ ದಿನ ಅವನು ವಿಡಿಯೋ ಕರೆ ಮಾಡಿ ಫೋನನ್ನು ಪುಸ್ತಕಗಳಿಗೆ ಒರಗಿಸಿಟ್ಟ. ರ್‍ಯಾಮಿನ ಕಡ್ಡಿಗಳನ್ನು ಅಕ್ಕಪಕ್ಕದ ಸೀಳುಗಳಲ್ಲಿ ಹಾಕಿದ್ದ. "ಪ್ರೊಸೆಸರಿನ ಕಡೆಯಿಂದ ಎಣಿಸು, ಎರಡನೆಯದು ಮತ್ತು ನಾಲ್ಕನೆಯದು" ಎಂದೆ. ತೆಗೆದು ಹಾಕಿದ, ಎರಡೂ ಬದಿ ಟಕ್ ಎನ್ನುವವರೆಗೆ ಒತ್ತಿದ. ಯಂತ್ರ ಎದ್ದಿತು, ವಿಂಡೋಸ್ ಬಂತು, ಆಟ ತೆರೆಯಿತು. ಆದರೆ ಸೆಕೆಂಡಿಗೆ ಒಂಬತ್ತು ಚಿತ್ರ. ಅವನ ಮುಖ ಸಣ್ಣದಾಯಿತು. "ಕಾರ್ಡು ಕೆಟ್ಟಿದೆಯಾ ಮಾವ?"

"ಫೋನನ್ನು ಹಿಂಬದಿಗೆ ಹಿಡಿ" ಎಂದೆ. ಮಾನಿಟರಿನ ಕೇಬಲ್ ಮೇಲೆ ಮದರ್‌ಬೋರ್ಡಿನ ಕಿಂಡಿಯಲ್ಲಿತ್ತು, ಕಾರ್ಡಿನ ಮೂರು ಕಿಂಡಿಗಳು ಕೆಳಗೆ ಖಾಲಿಯಾಗಿದ್ದವು. 7600ರ ಒಳಗೆ ಒಂದು ಪುಟ್ಟ ಗ್ರಾಫಿಕ್ಸ್ ಇದೆ, ಇಡೀ ಆಟವನ್ನು ಅದು ಒಂದೇ ಎಳೆಯುತ್ತಿತ್ತು. ಕೇಬಲ್ ಕೆಳಗಿಳಿಯಿತು. ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 60 ಎಂದಿದ್ದುದನ್ನು 144 ಮಾಡಿಸಿದೆ. ಅವನು ಮೌಸ್ ಹಿಡಿದು ಸುಮ್ಮನೆ ಕರ್ಸರನ್ನೇ ಪರದೆಯ ಮೇಲೆ ಸುತ್ತಿಸುತ್ತಾ ಕುಳಿತ, ಆಟವನ್ನು ತೆರೆಯಲು ಸ್ವಲ್ಪ ಹೊತ್ತು ಮರೆತೇಹೋದ.

ಮೊನ್ನೆ ಮತ್ತೆ ಫೋನ್ ಮಾಡಿದ್ದ. ಇನ್ನೊಂದು ವರ್ಷ ಹಣ ಕೂಡಿಸಿದರೆ ಏನು ಬದಲಿಸಲಿ ಎಂದು ಕೇಳಿದ. ಕಾರ್ಡು, ಅದೂ 16 ಜಿಬಿಯದು ಎಂದೆ. ಅಲ್ಲಿಯವರೆಗೆ ಹೊಸ ಆಟಗಳಲ್ಲಿ ಟೆಕ್ಸ್ಚರ್ (ವಸ್ತುಗಳ ಮೈಮೇಲಿನ ಚಿತ್ರ) ಆಯ್ಕೆಯನ್ನು ಒಂದು ಮೆಟ್ಟಿಲು ಇಳಿಸಿ ಆಡು, ಉಳಿದದ್ದನ್ನು ಯಾವುದನ್ನೂ ಮುಟ್ಟಬೇಡ.