ಬಿಸಿನೀರು ಬರದಿದ್ದರೆ ಹೀಟರ್ ಕೆಟ್ಟಿದೆ ಅಂತಲ್ಲ

‘ಮೋಟರ್‌ಹೋಮ್‌ನಲ್ಲಿ (ಒಳಗೇ ಮನೆಯಂತೆ ವಾಸಿಸುವ ಗಾಡಿ) ಬಿಸಿನೀರು ಬರ್ತಿಲ್ಲ ಅಂದ್ರೆ ಹೀಟರ್ ಹೋಯ್ತು, ಹೊಸದು ಹಾಕಿಸಿ’ ಅನ್ನೋ ಸಲಹೆ ಓಡಾಡುತ್ತಿದೆ. ಇದು ತಪ್ಪು. ಹೊಸಬರ ಗಾಡಿಗಳಲ್ಲಿ ಬಹಳ ಸಲ ಹೀಟರ್ ಸರಿಯಾಗೇ ಇರುತ್ತದೆ.

ಮೊದಲು ಬೈಪಾಸ್ ವಾಲ್ವ್ ನೋಡಿ, ಅಂದರೆ ನೀರು ಹೀಟರಿನ ಟ್ಯಾಂಕಿಗೆ ಹೋಗದೆ ಬದಿಯಿಂದ ಹಾಯುವಂತೆ ಮಾಡುವ ವಾಲ್ವ್. ಚಳಿಗಾಲಕ್ಕೆ ಗಾಡಿ ನಿಲ್ಲಿಸುವಾಗ ಪೈಪು ಹೆಪ್ಪುಗಟ್ಟದಂತೆ ಹಾಕುವ ಆಂಟಿಫ್ರೀಜ್ ದ್ರವ ಆ ಟ್ಯಾಂಕಿಗೆ ಹೋಗದಿರಲಿ ಅಂತ ಅದನ್ನು ತಿರುಗಿಸಿಡುತ್ತಾರೆ. ಆಮೇಲೆ ಮರೆತೇ ಬಿಡುತ್ತಾರೆ! ಆಗ ತಣ್ಣೀರು ಟ್ಯಾಂಕನ್ನು ಮುಟ್ಟದೆ ನೇರ ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ಕೆಲವು ಗಾಡಿಗಳಲ್ಲಿ ಒಂದೇ ವಾಲ್ವ್, ಕೆಲವದರಲ್ಲಿ ಎರಡು ಮೂರು.

ನೀರು ಬರೀ ಉಗುರುಬೆಚ್ಚಗಿದೆಯಾ? ಹೊರಗಿನ ಶವರ್ ನೋಡಿ. ಶವರ್ ತುದಿಯ ಬಟನ್ನಿನಿಂದ ಮಾತ್ರ ನೀರು ನಿಲ್ಲಿಸಿ, ಬಿಸಿ-ತಣ್ಣೀರಿನ ಎರಡೂ ನಲ್ಲಿ ತೆರೆದೇ ಬಿಟ್ಟರೆ ಒಳಗೊಳಗೇ ತಣ್ಣೀರು ಬೆರೆಯುತ್ತದೆ.

ಹೀಟರಿನ ಗ್ಯಾಸ್ ಹೊತ್ತಿಕೊಳ್ಳದಿದ್ದರೆ ಗ್ಯಾಸ್ ಲೈನಿನಲ್ಲಿ ಗಾಳಿ ಇರಬಹುದು. ಒಮ್ಮೆ ಒಲೆ ಹಚ್ಚಿ ನೋಡಿ. ಗ್ಯಾಸ್ ವಾಸನೆ ಬಂದರೆ ಮಾತ್ರ ಏನನ್ನೂ ಹಚ್ಚಬೇಡಿ, ಸಿಲಿಂಡರ್ ಮುಚ್ಚಿ ಹೊರಗೆ ಬನ್ನಿ.

‘ಸ್ವಿಚ್ ಹಾಕಿ ನೋಡಿದ್ರೆ ಗೊತ್ತಾಗುತ್ತೆ’ ಅನ್ನೋದು ಇನ್ನೂ ಕೆಟ್ಟ ಸಲಹೆ. ಖಾಲಿ ಟ್ಯಾಂಕಿನಲ್ಲಿ ಕರೆಂಟ್ ಹಾಕಿದರೆ ಎಲಿಮೆಂಟ್ (ನೀರು ಕಾಯಿಸುವ ಸರಳು) ಬೇಗನೆ ಸುಟ್ಟುಹೋಗುತ್ತದೆ. ಬಿಸಿನೀರಿನ ನಲ್ಲಿ ತೆರೆದು, ಗಾಳಿ ಬಿಡದೆ ನೀರು ಒಂದೇ ಸಮ ಬಂದ ಮೇಲಷ್ಟೇ ಸ್ವಿಚ್ ಹಾಕಿ. ಬೈಪಾಸ್ ವಾಲ್ವ್ ಇನ್ನೂ ಚಳಿಗಾಲದ ಸ್ಥಿತಿಯಲ್ಲೇ ಇದ್ದರೆ ಟ್ಯಾಂಕ್ ಖಾಲಿಯಿದ್ದರೂ ನಲ್ಲಿಯಲ್ಲಿ ನೀರು ಬರುತ್ತದೆ, ಆಗ ಈ ಪರೀಕ್ಷೆಯೂ ಮೋಸ ಮಾಡುತ್ತದೆ.