ಮಕ್ಕಳು ಕಡಿಮೆ ಅಂತ ಶಾಲೆ ಮುಚ್ಚಬೇಡಿ

ಮಕ್ಕಳು ಕಡಿಮೆ ಇರುವ ಸರ್ಕಾರಿ ಶಾಲೆಗಳನ್ನು ಪಕ್ಕದೂರಿನ ದೊಡ್ಡ ಶಾಲೆಗೆ ಸೇರಿಸಿದರೆ ಗುಣಮಟ್ಟ ಹೆಚ್ಚುತ್ತದೆ ಎಂದು ಲೇಖನವೊಂದರಲ್ಲಿ ಓದಿದೆ. ಆ ಲೇಖಕರ ಮಾತು ನನಗೆ ಒಪ್ಪಿಗೆಯಿಲ್ಲ. ನಮ್ಮ ರಾಯಚೂರು ಕಡೆ ಬಂದು ನೋಡಿ ಸರ್. ಹತ್ತಿ ಬಿಡಿಸುವ ಕಾಲ ಬಂತೆಂದರೆ ಎಷ್ಟೋ ಮಕ್ಕಳು ಹೊಲದಲ್ಲಿರುತ್ತಾರೆ, ಅದರಲ್ಲೂ ಹೆಣ್ಣುಮಕ್ಕಳು. ನಮ್ಮೂರ ಶಾಲೆಯ ಅಕ್ಕೋರು ಹಾಜರಿಯಲ್ಲಿ ಒಬ್ಬಳು ಕಾಣದಿದ್ದರೂ ಅವತ್ತೇ ಅವರ ಮನೆ ಬಾಗಿಲಿಗೆ ಹೋಗುತ್ತಾರೆ. "ಯಾಕವ್ವ, ಮಗಳನ್ನ ಹೊಲಕ್ಕ ಕಳಿಸೀಯೇನು?" ಅಂತ ತಾಯಿಯನ್ನೇ ಕೇಳುತ್ತಾರೆ. ಮರುದಿನ ಹುಡುಗಿ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡೇ ಬಂದರೂ ಒಳಗೆ ಕೂರಿಸಿಕೊಳ್ಳುತ್ತಾರೆ. ನೂರಾರು ಮಕ್ಕಳ ಶಾಲೆಯಲ್ಲಿ ಇಷ್ಟು ಯಾರಿಗೆ ಸಾಧ್ಯ?

ಚಿಕ್ಕ ಶಾಲೆಯಲ್ಲಿ ಎರಡು ಮೂರು ತರಗತಿ ಒಟ್ಟಿಗೆ ಕೂರುವುದು ದೋಷವೂ ಅಲ್ಲ. ಸರ್ಕಾರಿ ಶಾಲೆಗಳಲ್ಲಿ ಆಟ-ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ 1ರಿಂದ 3ನೇ ತರಗತಿ ಮಕ್ಕಳು ಕೂಡಿಯೇ ಕಲಿಯುತ್ತಾರೆ, ದೊಡ್ಡವರು ಚಿಕ್ಕವರಿಗೆ ಅಕ್ಷರ ತೋರಿಸುತ್ತಾರೆ. ಕೊರತೆ ಇರುವುದು ಶಿಕ್ಷಕರದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ಮೊದಲು ಅದನ್ನು ಕೊಡಿ. ಕಾಲುವೆ ದಂಡೆ ಮೇಲೆ ಟ್ರ್ಯಾಕ್ಟರ್‌ಗಳ ನಡುವೆ ಆರು ವರ್ಷದ ಮಗುವನ್ನು ಪಕ್ಕದೂರಿಗೆ ನಡೆಸಲು ಯಾವ ತಾಯಿಗೂ ಧೈರ್ಯ ಬರುವುದಿಲ್ಲ. ಶಾಲೆ ಮುಚ್ಚಿದರೆ ಮೊದಲು ಓದು ಬಿಡುವವಳು ಆ ಹುಡುಗಿಯೇ.